ಕಾಂಪೌಂಡಿನ ಬದಿಯ ನೀಲಿ

ಇಂದು ಬೆಳಿಗ್ಗೆ ಮುಕ್ಕಾಲು ಗಂಟೆ ಮಣ್ಣಿನ ಮೇಲೆ ಬೋರಲು ಮಲಗಿದ್ದೆ. ಒಂದು ಚುಕ್ಕೆಗಾಗಿ.

ಹೆಬ್ಬೆರಳಿನ ಉಗುರಿನಷ್ಟು ಚಿಟ್ಟೆ. ಹಾರಿದಾಗ ನೀಲಿ, ಕುಳಿತು ರೆಕ್ಕೆ ಮುಚ್ಚಿತೋ ಬರೀ ಬೂದಿ ಬಣ್ಣ. ಆ ಬೂದಿಯಲ್ಲೇ ಇದೆ ಗುರುತೆಲ್ಲ. ಮುಂದಿನ ರೆಕ್ಕೆಯ ಅಡಿಭಾಗದಲ್ಲಿ, ಬುಡಕ್ಕೂ ನಡುವಿನ ಪುಟ್ಟ ಗೆರೆಗೂ ಮಧ್ಯೆ ಒಂದು ಕಪ್ಪು ಚುಕ್ಕೆ ಇದ್ದರೆ ಪೇಲ್ ಗ್ರಾಸ್ ಬ್ಲೂ ಎಂಬ ಜಾತಿ ಇರಬಹುದು, ಡಾರ್ಕ್ ಗ್ರಾಸ್ ಬ್ಲೂ ಕೂಡ ಇರಬಹುದು. ಲೆಸ್ಸರ್ ಗ್ರಾಸ್ ಬ್ಲೂಗೆ ಆ ಚುಕ್ಕೆ ಇಲ್ಲ.

ಆದರೆ ಕುಳಿತ ಚಿಟ್ಟೆ ಮುಂದಿನ ರೆಕ್ಕೆಯನ್ನು ಹಿಂದಿನದರ ಮರೆಗೆ ಇಳಿಸಿಬಿಡುತ್ತದೆ. ಚುಕ್ಕೆ ಮಾಯ! ಕ್ಯಾಮೆರಾ ರೆಕ್ಕೆಗೆ ಸಮಾನಾಂತರವಾಗಿ ಇರಬೇಕು, ಸ್ವಲ್ಪ ಓರೆಯಾದರೂ ಅಂಚು ಮಸುಕು. ನೆರಳು ಬಿದ್ದರಂತೂ ಹಾರಿಯೇ ಹೋಗುತ್ತದೆ.

ಇಪ್ಪತ್ತೆಂಟನೆಯ ಫೋಟೋದಲ್ಲಿ ಚುಕ್ಕೆ ಸಿಕ್ಕಿತು. ಪೇಲೋ ಡಾರ್ಕೋ ಎಂದು ತಲೆ ಕೆಡಿಸಿಕೊಳ್ಳುವಷ್ಟರಲ್ಲಿ ಅದು ಪುಳ್ಳಂಪುರಚಿ ಎಂಬ ಹುಳಿ ಎಲೆಯ ಕಳೆಗಿಡದ ಮೇಲೆ ಇಳಿದು, ಹೊಟ್ಟೆ ಬಾಗಿಸಿ, ಎಲೆಯ ಅಡಿಗೆ ಒಂದು ಮೊಟ್ಟೆ ಅಂಟಿಸಿತು. ಪೇಲ್ ಗ್ರಾಸ್ ಬ್ಲೂ! ಅದರ ಮರಿಹುಳುಗಳ ಊಟವೇ ಈ ಹುಳಿ ಎಲೆ. ಪುಸ್ತಕ ತೆರೆಯುವ ಮೊದಲೇ ತಾಯಿ ಚಿಟ್ಟೆ ತನ್ನ ಹೆಸರು ಹೇಳಿತು.

ನಾಳೆ ಕಾಂಪೌಂಡಿನ ಬದಿಯ ಕಳೆ ಕೀಳಿಸಬೇಕೆಂದು ಮಾತಾಗಿತ್ತು. ಮೂರೆಲೆಯ, ಹಳದಿ ಹೂವಿನ ಗಿಡ ಒಂದನ್ನೂ ಮುಟ್ಟಬೇಡಿ ಎಂದು ಈಗಷ್ಟೇ ಹೇಳಿ ಬಂದೆ.

ಮೊಟ್ಟೆ ಸಾಸಿವೆಗಿಂತ ಚಿಕ್ಕದು. ಬಿಳಿ, ಚಪ್ಪಟೆ. ಮಧ್ಯಾಹ್ನ ಎರಡು ಸಲ ಹೋಗಿ ಎಲೆ ಎತ್ತಿ ನೋಡಿದೆ. ಹಾಗೆಯೇ ಇದೆ.