ಗ್ರೀಕ್ ಬಿಳಿ ವೈನ್ ಲಾಗ್: ಐದು ಬಾಟ್ಲು ತಂದಿದ್ದು, ಕುಡಿದಿದ್ದು ನಾಲ್ಕು

ಅಥೆನ್ಸಿಗೆ ಬಂದು ಎರಡು ವರ್ಷ ಆಯ್ತು, ಇಷ್ಟು ದಿನ ಟವೆರ್ನಾಲಿ (ಇಲ್ಲಿನ ಸಣ್ಣ ಊಟದ ಹೋಟ್ಲು) ಕೂತ್ಕೊಂಡು "ಬಿಳೀದು ಅರ್ಧ ಕಿಲೋ" ಅಂದು ಜಗ್ಗಲ್ಲಿ ಏನ್ ಬರುತ್ತೋ ಅದನ್ನ ಕುಡೀತಿದ್ದೆ (ಹೌದು, ಇಲ್ಲಿ ಲೂಸ್ ವೈನ್ ಕೇಳೋದು ಕಿಲೋ ಲೆಕ್ಕದಲ್ಲೇ). ಈಗ ವಾರಕ್ಕೊಂದು ಬಾಟ್ಲು ತಂದು ಯಾವ ಊಟಕ್ಕೆ ಯಾವ್ದು ಸೇರುತ್ತೆ ಅಂತ ಬರೆದಿಡ್ತಿದೀನಿ.

ಮೊದಲನೇ ವಾರ ಮೊಸ್ಕೊಫಿಲೆರೊ ಅನ್ನೋ ದ್ರಾಕ್ಷಿದು. ಪೆಲೊಪೊನೀಸಲ್ಲಿ ಮಂಟಿನಿಯಾ ಅಂತ ಒಂದು ಪ್ರಸ್ಥಭೂಮಿ, ಸುಮಾರು 650 ಮೀಟರ್ ಎತ್ತರ, ಅಲ್ಲಿ ಚಳಿ ಜಾಸ್ತಿ ಇರೋದ್ರಿಂದ ಹಣ್ಣು ನಿಧಾನಕ್ಕೆ ಮಾಗುತ್ತೆ, ಹುಳಿ ಉಳಿಯುತ್ತೆ. ದ್ರಾಕ್ಷಿ ಸಿಪ್ಪೆ ಗುಲಾಬಿ ಬಣ್ಣ, ವೈನ್ ಮಾತ್ರ ಬಿಳಿ, ಮೂಗಿಗೆ ಹಿಡಿದ್ರೆ ಗುಲಾಬಿ ಹೂವಿನ ಘಮ. ಫೆಟಾ ಚೀಸ್ ಹಾಕಿದ ಸಲಾಡ್ ಜೊತೆ ಚೆನ್ನಾಗಿತ್ತು, ಅದಕ್ಕಿಂತ ಮಾರನೇ ದಿನ ಚಿತ್ರಾನ್ನದ ಜೊತೆ ಇನ್ನೂ ಚೆನ್ನಾಗಿತ್ತು. ಆಲ್ಕೋಹಾಲ್ ಕಮ್ಮಿ ಅಲ್ವಾ, ಬಾಟ್ಲಿ ಮೇಲೆ 11.5% ಅಂತಿತ್ತು, ಹಸಿಮೆಣಸಿನಕಾಯಿ ಖಾರಕ್ಕೆ ಬಾಯಿ ಉರೀಲಿಲ್ಲ.

ಎರಡನೇ ವಾರ ಸ್ಯಾಂಟೋರಿನಿ ದ್ವೀಪದ ಅಸ್ಸಿರ್ಟಿಕೊ ದ್ರಾಕ್ಷಿದು. ಎಲ್ಲರೂ ಹೊಗಳೋದು ಇದನ್ನೇ, ನಾನು ಫಸ್ಟ್ ದಿನ ಪೂರ್ತಿ ಕೆಡಿಸಿದೆ. ಫ್ರಿಜ್ಜಿಂದ ತೆಗೆದು ಹಾಗೇ ಬಗ್ಗಿಸಿಬಿಟ್ಟೆ, ಪಕ್ಕಕ್ಕೆ ಹೋಟ್ಲಿಂದ ತಂದ ಮುಸಾಕಾ (ಬದನೆಕಾಯಿ, ಕೈಮಾ ಪದರ ಪದರವಾಗಿ ಬೇಯಿಸಿದ್ದು), ಅದರ ಮೇಲೆ ದಪ್ಪ ಬಿಳಿ ಸಾಸ್. ಘಮಾನೇ ಇಲ್ಲ, ಸಕ್ಕರೆ ಹಾಕದ ನಿಂಬೆ ನೀರು ಕುಡಿದಂಗಾಯ್ತು. 26 ಯೂರೋ ಹೋಯ್ತಲ್ಲಪ್ಪ ಅಂತ ಬೈಕೊಂಡು ಮುಚ್ಚಿಟ್ಟೆ. ಮಾರನೇ ದಿನ ಇಪ್ಪತ್ತು ನಿಮಿಷ ಹೊರಗಿಟ್ಟು, 10-12 ಡಿಗ್ರಿ ಬಂದಮೇಲೆ, ಫಾವಾ ಜೊತೆ ಕುಡಿದೆ. ಫಾವಾ ಅಂದ್ರೆ ಆ ದ್ವೀಪದ್ದೇ ಹಳದಿ ಬೇಳೆ, ನಮ್ಮ ಕೇಸರಿ ಬೇಳೆಯ ಹತ್ತಿರದ ಸಂಬಂಧಿ, ಬೇಯಿಸಿ ಮಸೆದು ಆಲಿವ್ ಎಣ್ಣೆ, ಹಸಿ ಈರುಳ್ಳಿ, ಕೇಪರ್ಸ್ ಅನ್ನೋ ಉಪ್ಪಲ್ಲಿ ನೆನೆಸಿದ ಮೊಗ್ಗು, ನಿಂಬೆರಸ, ಥೇಟ್ ಒಗ್ಗರಣೆ ಇಲ್ಲದ ತೊವ್ವೆ. ನಿನ್ನೆ ಹಲ್ಲು ಜುಮ್ಮೆನಿಸಿದ ಹುಳಿ ಇವತ್ತು ನಿಂಬೆ ಜೊತೆ ಸೇರ್ಕೊಂಡು ಸಮ ಆಯ್ತು, ಹಿಂದೆ ಅಡಗಿದ್ದ ಉಪ್ಪುಪ್ಪು ರುಚಿ ಈಚೆ ಬಂತು. ಅವತ್ತಿಂದ ನನ್ನ ಟೆಸ್ಟ್ ಒಂದೇ: ಈ ಊಟಕ್ಕೆ ನಿಂಬೆಹಣ್ಣು ಹಿಂಡ್ತೀನಾ? ಹಿಂಡೋದಾದ್ರೆ ಅಸ್ಸಿರ್ಟಿಕೊ.

ಆ ದ್ವೀಪದ ಕತೆ ಓದ್ತಾ ರಾತ್ರಿ ಒಂದು ಗಂಟೆ ಆಯ್ತು. ಸುಮಾರು 3600 ವರ್ಷದ ಹಿಂದೆ ಜ್ವಾಲಾಮುಖಿ ಸಿಡಿದು ಬಿದ್ದ ಬೂದಿ ಮಣ್ಣು, ಜೇಡಿ ಅನ್ನೋದು ಇಲ್ವೇ ಇಲ್ಲ ಅನ್ನೋ ಹಾಗೆ, ಅದಕ್ಕೇ 19ನೇ ಶತಮಾನದಲ್ಲಿ ಯುರೋಪಿನ ದ್ರಾಕ್ಷಿ ತೋಟಗಳನ್ನೆಲ್ಲ ಹಾಳು ಮಾಡಿದ ಫಿಲಾಕ್ಸೆರಾ ಹುಳಕ್ಕೆ ಅಲ್ಲಿ ಬದುಕೋಕಾಗ್ಲಿಲ್ಲ, ಬಳ್ಳಿಗಳು ಇವತ್ತಿಗೂ ಕಸಿ ಇಲ್ಲದೆ ಸ್ವಂತ ಬೇರಿನ ಮೇಲೇ ನಿಂತಿವೆ. ಗಾಳಿ ಜೋರು ಅಂತ ಚಪ್ಪರ ಹಾಕಲ್ಲ, ಬಳ್ಳಿನ ನೆಲದ ಮೇಲೇ ಬುಟ್ಟಿ ಥರ ಸುತ್ತುತ್ತಾರೆ, ಕುಲೂರಾ ಅಂತ ಹೆಸರು, ಗೊಂಚಲು ಒಳಗೆ ನೆರಳಲ್ಲಿ ಬೆಳೆಯುತ್ತೆ. ಮಳೆ ಅಷ್ಟಕ್ಕಷ್ಟೇ, ಸಮುದ್ರದ ಮಂಜೇ ನೀರು. ಇಳುವರಿ ಕಮ್ಮಿ, ರೇಟ್ ಜಾಸ್ತಿ ಯಾಕೆ ಅಂತ ಆಮೇಲೆ ಅರ್ಥ ಆಯ್ತು.

ಮೂರನೇದು ಮಲಗೂಸಿಯಾ. 1970ರ ದಶಕದಲ್ಲಿ ಹೆಚ್ಚುಕಮ್ಮಿ ಮರೆಯಾಗಿದ್ದ ತಳಿ, ವಾಂಗೆಲಿಸ್ ಯೆರೊವಾಸಿಲಿಯು ಅನ್ನೋ ವೈನ್ ತಯಾರಕರು ಮತ್ತೆ ಬೆಳೆಸಿ ಉಳಿಸಿದ್ರು. ಪುದೀನಾ ಹಾಕಿದ ದೊಲ್ಮಾದೆಸ್ (ದ್ರಾಕ್ಷಿ ಎಲೇಲಿ ಅನ್ನ ಸುತ್ತಿದ್ದು) ಜೊತೆ ಓಕೆ. ಘಮ ಘಮ ಅನ್ನುತ್ತೆ, ಹುಳಿ ಸಾಲ್ದು, ನಂಗೆ ಎರಡನೇ ಗ್ಲಾಸಿಗೇ ಬೇಜಾರಾಯ್ತು. ನೆಂಟರು ಬಂದಾಗ ಕೊಡೋಕೆ ಸರಿ.

ನಾಲ್ಕನೇದು ರೆಟ್ಸಿನಾ, ಚೀಪು, ಸವತ್ಯಾನೊ ದ್ರಾಕ್ಷಿದು. ಹುದುಗೋವಾಗ ಪೈನ್ ಮರದ ಅಂಟು ಹಾಕಿ ಆಮೇಲೆ ತೆಗೀತಾರೆ. ಮುಚ್ಚಳ ಬಿಚ್ಚಿದ ತಕ್ಷಣ ನಮ್ಮನೆಯವಳು ಅಡುಗೆಮನೆಯಿಂದ "ರೀ, ಸಾಂಬ್ರಾಣಿ ಹಚ್ಚಿದ್ರಾ?" ಅಂದ್ಲು! ಅವಳು ತಪ್ಪೇನೂ ಹೇಳಿಲ್ಲ, ಎರಡೂ ಮರದ ಅಂಟೇ ತಾನೆ. ಖಾಲಿ ಕುಡಿದ್ರೆ ಕಷ್ಟ. ಆದ್ರೆ ಎಣ್ಣೆಲಿ ಕರಿದ ಚಿಕ್ಕ ಮೀನು, ಜೊತೆಗೆ ಸ್ಕೊರ್ದಾಲ್ಯಾ ಅಂತ ಬೆಳ್ಳುಳ್ಳಿ ಆಲೂಗಡ್ಡೆ ಗೊಜ್ಜು ಥರದ್ದು, ಆ ಬೆಳ್ಳುಳ್ಳಿ ಮುಂದೆ ಬೇರೆ ವೈನೆಲ್ಲ ನೀರಾಗುತ್ತೆ, ಇದು ಮಾತ್ರ ಜಪ್ಪಯ್ಯ ಅನ್ನಲ್ಲ. ಅವಳೂ ಅರ್ಧ ಗ್ಲಾಸ್ ಕುಡಿದ್ಲು, ಮೂಗು ಮುಚ್ಕೊಂಡು.

ಐದನೇದು ಕೆಫಲೋನಿಯಾ ದ್ವೀಪದ ರೊಬೊಲಾ. ಇದರ ಬಗ್ಗೆ ಬರೆಯೋಕೇನೂ ಇಲ್ಲ. ಬೇಗ ತಣ್ಣಗಾಗ್ಲಿ ಅಂತ ಫ್ರೀಜರಲ್ಲಿಟ್ಟು ಕ್ರಿಕೆಟ್ ನೋಡ್ತಾ ಮರೆತೆ, ಬೆಳಿಗ್ಗೆ ನೋಡಿದ್ರೆ ಕಾರ್ಕ್ ಮೇಲಕ್ಕೆದ್ದು, ಬಟಾಣಿ ಪ್ಯಾಕೆಟ್ಟಿನ ಮೇಲೆಲ್ಲ ವೈನ್ ಐಸು. ಉಳಿದಿದ್ದೂ ಸಿಂಕಿಗೇ ಹೋಯ್ತು.

ಮುಂದಿನ ವಾರ ಇನ್ನೊಂದು ರೊಬೊಲಾ ತಂದು ಸರಿಯಾಗಿ ನೋಡ್ಬೇಕು, ಜೊತೆಗೆ ಕ್ರೀಟಿನ ವಿದಿಯಾನೊನೂ ಇದೆ. ಗುರುವಾರ ನಮ್ಮ ಬೀದಿ ಸಂತೆ, ಕಲಮಾರಿ ಸಿಕ್ಕಿದ್ರೆ (ಮಂಗಳೂರ ಕಡೆ ಬೊಂಡಾಸ್ ಅಂತಾರಲ್ಲ ಅದೇ) ಅರ್ಧ ಗ್ರಿಲ್ಲು, ಅರ್ಧ ನಮ್ಮ ಮಸಾಲೆ ಹಾಕಿ ಫ್ರೈ. ಮಸಾಲೆದಕ್ಕೆ ಯಾವ ವೈನ್ ಅಂತ ಇನ್ನೂ ತಲೆ ಓಡ್ತಿಲ್ಲ, ಮೊಸ್ಕೊಫಿಲೆರೊನೇ ಇನ್ನೊಂದು ತರ್ತೀನೇನೋ.