ಮೂರು ರಾಜ್ಯ, ಒಂದೇ ಡಿಎಲ್: ಸ್ವಂತ ಕಾರಿನಲ್ಲಿ ವಯನಾಡು, ಊಟಿಗೆ ಹೊರಟವರಿಗೆ

ಪ್ರವಾಸ ಮುಗಿಸಿ ಬಂದು ಮೂರು ತಿಂಗಳಾದ ಮೇಲೆ ನನಗೆ ಅದರ ಇನ್ನೊಂದು ಫೋಟೊ ಸಿಕ್ಕಿತು. ನಾವು ತೆಗೆದದ್ದಲ್ಲ, ಕೇರಳದ ರಸ್ತೆ ಕ್ಯಾಮೆರಾ ತೆಗೆದದ್ದು. ಕಪ್ಪು ಬಿಳುಪು. ಸ್ಟಿಯರಿಂಗ್ ಹಿಂದೆ ನಾನು, ಬೆಲ್ಟ್ ಹಾಕಿದ್ದೇನೆ. ಪಕ್ಕದ ಸೀಟಿನಲ್ಲಿ ಅಪ್ಪ, ತಲೆ ಹಿಂದಕ್ಕೆ ವಾಲಿದೆ, ಒಳ್ಳೆ ನಿದ್ದೆ. ಬೆಲ್ಟ್ ಅವರ ಭುಜದ ಹಿಂದೆ ಸುಮ್ನೆ ನೇತಾಡುತ್ತಿದೆ. ದಂಡ 500 ರೂಪಾಯಿ.

500 ರೂಪಾಯಿ ದೊಡ್ಡದಲ್ಲ. ಆದರೆ ಅದು ಗೊತ್ತಾಗಲು ಮೂರು ತಿಂಗಳು ಹಿಡಿಯಿತು, ಅಷ್ಟರಲ್ಲಿ ಅದು ಕೋರ್ಟ್ ಮೆಟ್ಟಿಲು ಹತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಯಾವ ಜಲಪಾತ ನೋಡಬೇಕು, ಯಾವ ಪಾಯಿಂಟ್‌ನಲ್ಲಿ ಫೋಟೊ ತೆಗೆಯಬೇಕು ಅನ್ನೋದು ಎಲ್ಲ ಕಡೆ ಇದೆ. ಕೆಎ ನಂಬರಿನ ಕಾರು ಗಡಿ ದಾಟಿದ ಮೇಲೆ ಏನಾಗುತ್ತದೆ ಅಂತ ಯಾರೂ ಹೇಳಲ್ಲ.

2025ರ ಮೇ ಮೊದಲ ವಾರ ಹೊರಟಿದ್ದು. ನಾನು, ನಮ್ಮ ಮನೆಯವರು, ಅಪ್ಪ, ಅಮ್ಮ, ಮಗಳು. ಮೈಸೂರು, ಗುಂಡ್ಲುಪೇಟೆ, ಮುತ್ತಂಗ, ಸುಲ್ತಾನ್ ಬತ್ತೇರಿ, ಕಲ್ಪೆಟ್ಟ, ಅಲ್ಲಿಂದ ಕಲ್ಲಿಕೋಟೆ. ಬರುವಾಗ ನಿಲಂಬೂರು, ನಾಡುಕಾಣಿ, ಗೂಡಲೂರು, ಊಟಿ, ಬಂಡೀಪುರ. ಐದು ದಿನದಲ್ಲಿ ಮೂರು ರಾಜ್ಯ.

ಹೊರಡುವ ಮೊದಲು ಅಪ್ಪ ಕೇಳಿದ್ದು ಒಂದೇ ಮಾತು: "ನಿನ್ನ ಲೈಸೆನ್ಸ್ ಕರ್ನಾಟಕದ್ದಲ್ವಾ ಪುಟ್ಟಿ, ಅಲ್ಲಿ ನಡೆಯುತ್ತಾ?" ನಡೆಯುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 13ನೇ ಸೆಕ್ಷನ್ ಇದನ್ನು ನೇರವಾಗಿ ಹೇಳುತ್ತದೆ, ಎಲ್ಲಿ ಕೊಟ್ಟ ಡಿಎಲ್ ಆದರೂ ಇಡೀ ದೇಶಕ್ಕೆ ಅನ್ವಯ. ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್ ಕೂಡ ಹಾಗೇ. ಆ ಕಡೆ ಎಮಿಷನ್ ಅಂದರೆ ಅರ್ಥ ಆಗಲ್ಲ, ಪೊಲ್ಯೂಷನ್ ಅಂತ ಕೇಳುತ್ತಾರೆ, ಅದು ಇದೇ. ಕೆಲಸಕ್ಕೆ ಅಂತ ಹೋಗಿ ಅಲ್ಲೇ ಇರುವವರಿಗೆ ಮಾತ್ರ ಬೇರೆ ಲೆಕ್ಕ. ಕಾರು 12 ತಿಂಗಳಿಗಿಂತ ಜಾಸ್ತಿ ಅಲ್ಲೇ ಇದ್ದರೆ ಆ ರಾಜ್ಯದ ನಂಬರ್ ಮಾಡಿಸಬೇಕು. ನಾಲ್ಕು ದಿನ ತಿರುಗಿ ಬರುವವರಿಗೆ ಆ ಚಿಂತೆ ಬೇಡ.

ಇಷ್ಟೆಲ್ಲ ಗೊತ್ತಿದ್ದರೂ ಒಂದು ಗಡಿಯ ಹತ್ತಿರ, ಯಾವುದು ಅಂತ ಬರೆಯುವುದಿಲ್ಲ, ಖಾಕಿ ತೊಟ್ಟ ಒಬ್ಬರು ಕೈ ತೋರಿಸಿ ನಿಲ್ಲಿಸಿದರು. ಮೊಬೈಲ್‌ನಲ್ಲಿ ಡಿಜಿಲಾಕರ್ ತೆರೆದು ತೋರಿಸಿದೆ. ಅದು ನಡೆಯಲ್ಲ, ಒರಿಜಿನಲ್ ಬೇಕು, ಇಲ್ಲಾಂದ್ರೆ ಎರಡು ಸಾವಿರ ಅಂದರು. ಕೈಯಲ್ಲಿ ಚಲನ್ ಮಷಿನ್ ಇಲ್ಲ, ರಸೀದಿ ಪುಸ್ತಕವೂ ಇಲ್ಲ. ಬಿಸಿಲಲ್ಲಿ ಇಪ್ಪತ್ತು ನಿಮಿಷ. ಹಿಂದಿನ ಸೀಟಿನಲ್ಲಿ ಮಗಳು ಅಳೋಕೆ ಶುರು ಮಾಡಿದಳು, ಅಮ್ಮ "ಕೊಟ್ಟು ಕಳಿಸೇ ಅತ್ಲಾಗೆ" ಅಂದರು. ನಾನು ಒಂದೇ ಮಾತು ಹಿಡಿದೆ: "ಫೈನ್ ಕಟ್ಟುತ್ತೇನೆ ಸರ್, ಮಷಿನ್‌ನಲ್ಲಿ ಹಾಕಿ ಚೀಟಿ ಕೊಡಿ." ಕೊನೆಗೆ ಹೋಗಿ ಅಂದರು.

ಡಿಜಿಲಾಕರ್‌ನಲ್ಲಿ, ಎಂ-ಪರಿವಾಹನ್ ಆಪ್‌ನಲ್ಲಿ ಇರುವ ಡಿಎಲ್, ಆರ್‌ಸಿಗೆ ಒರಿಜಿನಲ್‌ನಷ್ಟೇ ಬೆಲೆ ಇದೆ. 2018ರಲ್ಲೇ ಕೇಂದ್ರ ಸರ್ಕಾರ ನಿಯಮಕ್ಕೆ ತಿದ್ದುಪಡಿ ತಂದು ಇದನ್ನು ಸ್ಪಷ್ಟ ಮಾಡಿದೆ. ಆದರೆ ಕಾರ್ಡಿನ ಫೋಟೊ ತೆಗೆದು ಗ್ಯಾಲರಿಯಲ್ಲಿ ಇಟ್ಟುಕೊಂಡರೆ ಅದಕ್ಕೆ ಬೆಲೆ ಇಲ್ಲ, ಜೆರಾಕ್ಸ್‌ಗೂ ಇಲ್ಲ. ಇನ್ನೊಂದು, ಕಾಡಿನ ದಾರಿಯಲ್ಲಿ ನೆಟ್‌ವರ್ಕ್ ಸಿಗಲ್ಲ. ಮನೆಯಲ್ಲೇ ತೆರೆದು, ಎಲ್ಲ ಬರುತ್ತಾ ನೋಡಿ. ನಮ್ಮ ಮನೆಯವರದು ಹಳೇ ಡಿಎಲ್, ಎಷ್ಟು ಹುಡುಕಿದರೂ ಬರಲಿಲ್ಲ. ಹಳೇದು ಕಂಪ್ಯೂಟರಿಗೆ ಏರಿಲ್ಲದಿದ್ದರೆ ಆರ್‌ಟಿಒದಲ್ಲಿ ಮೊದಲು ಅದನ್ನು ಏರಿಸಿಕೊಳ್ಳಬೇಕು. ಅದಕ್ಕೇ ಐದು ದಿನವೂ ನಾನೊಬ್ಬಳೇ ಓಡಿಸಿದೆ. ಒರಿಜಿನಲ್ ಕೂಡ ಜೊತೆಗಿರಲಿ, ಆದರೆ ಮೊದಲು ಮೊಬೈಲ್ ತೋರಿಸಿ. ಕಾರ್ಡ್ ವಶಕ್ಕೆ ತಗೊಂಡರೆ ಅದನ್ನು ಬಿಡಿಸಿಕೊಳ್ಳಲು ಮತ್ತೆ ಅಷ್ಟು ದೂರ ಹೋಗಬೇಕು. ಹಾಗೆ ತಗೊಂಡರೆ ರಸೀದಿ ಇಲ್ಲದೆ ಬಿಡಬೇಡಿ.

"ಚೀಟಿ ಕೇಳು" ಅನ್ನೋ ಬುದ್ಧಿ ನನ್ನದಲ್ಲ, ಕಲ್ಪೆಟ್ಟ ದಾಟಿ ವೈತಿರಿ ಕಡೆ ಹೋಗುವಾಗ ಸಿಕ್ಕ ಒಂದು ಹೋಟೆಲ್‌ನಲ್ಲಿ ಕಲಿತದ್ದು. ಹೋಟೆಲ್ ಅಂದರೆ ತಗಡಿನ ಸೂರು, ಆರು ಟೇಬಲ್. ಬೋರ್ಡು ಮಲಯಾಳದಲ್ಲಿತ್ತು, ನನಗೆ ಓದಲು ಬರಲಿಲ್ಲ. ಮುಂದೆ ಲಾರಿಗಳು ಸಾಲಾಗಿ ನಿಂತಿದ್ದವು, ಅದನ್ನು ನೋಡಿಯೇ ನಿಲ್ಲಿಸಿದೆವು. ಗಂಡ ಗಲ್ಲಾದಲ್ಲಿ, ಹೆಂಡತಿ ಒಲೆ ಮುಂದೆ. ಪುಟ್ಟು ಬಿದಿರಿನ ಕೊಳವೆಯಿಂದ ನೇರವಾಗಿ ತಟ್ಟೆಗೆ ಬಿತ್ತು, ಹಬೆ ಏಳುತ್ತಿತ್ತು. ಮುರಿದರೆ ಒಳಗೆ ತೆಂಗಿನ ತುರಿ ಇನ್ನೂ ಹಸಿಯಾಗಿ ಸಿಹಿಯಾಗಿತ್ತು. ಕಡಲೆ ಕರಿಗೆ ಹುರಿದ ಕೊಬ್ಬರಿ ರುಬ್ಬಿ ಹಾಕಿದ್ದರು, ಕರಿಬೇವಿನ ಘಮ ಬೇರೆ. ಅಮ್ಮ ಹೊರಗೆ ಏನೂ ತಿನ್ನದವರು, ಎರಡು ಸಲ ಹಾಕಿಸಿಕೊಂಡರು. ಅಪ್ಪ ಬೇಯಿಸಿದ ಮರಗೆಣಸು, ಮೀನು ಸಾರು ತಗೊಂಡರು. ಕುಡಿಯಲು ಕೆಂಪು ಬಣ್ಣದ ಬಿಸಿನೀರು. ಐದು ಜನಕ್ಕೆ, ಕೊನೆಯಲ್ಲಿ ಸುಲೈಮಾನಿ ಟೀ ಸೇರಿ, 340 ರೂಪಾಯಿ. ಚಿಲ್ಲರೆ ಇಲ್ಲ ಅಂತ ಹತ್ತು ರೂಪಾಯಿ ಅವರೇ ಬಿಟ್ಟರು. ನನ್ನ ಮಟ್ಟಿಗೆ ಇಡೀ ಪ್ರವಾಸದಲ್ಲಿ ಇದಕ್ಕಿಂತ ಒಳ್ಳೇದು ಯಾವುದೂ ಇರಲಿಲ್ಲ. ಹೆಸರು ಬೋರ್ಡು ನೋಡಬೇಡಿ, ಲಾರಿ ನಿಂತಿರೋದು ನೋಡಿ.

ಪಕ್ಕದ ಟೇಬಲ್‌ನಲ್ಲಿ ಗುಂಡ್ಲುಪೇಟೆಯಿಂದ ತರಕಾರಿ ತುಂಬಿಕೊಂಡು ಕಲ್ಲಿಕೋಟೆಗೆ ಹೊರಟಿದ್ದ ಡ್ರೈವರ್ ಅಣ್ಣ ಇದ್ದರು. ಕನ್ನಡ ಕೇಳಿ ಅವರೇ ಮಾತಾಡಿಸಿದರು. "ಅಕ್ಕಾ, ಬಾಯಲ್ಲಿ ಹೇಳಿದ ಫೈನ್ ಕೊಡಬೇಡಿ. ಮಷಿನ್ ಚೀಟಿ ಬಂದ್ರೆ ಅದು ಸರ್ಕಾರದ ದುಡ್ಡು. ಇಲ್ಲಿ ಜನಕ್ಕಿಂತ ಕ್ಯಾಮೆರಾ ಜಾಸ್ತಿ, ನೋಡ್ಕೊಂಡು ಹೋಗಿ." 2023ರ ಜೂನ್ 5ರಿಂದ ಕೇರಳದಲ್ಲಿ 726 ಕ್ಯಾಮೆರಾಗಳು ದಂಡ ಹಾಕುತ್ತಿವೆ. ಹೆಲ್ಮೆಟ್, ಬೆಲ್ಟ್, ಕೈಯಲ್ಲಿ ಮೊಬೈಲ್, ಎಲ್ಲ ಹಿಡಿಯುತ್ತವೆ. ಮುಂದಿನ ಸೀಟಿನಲ್ಲಿ ಇಬ್ಬರಿಗೂ ಬೆಲ್ಟ್ ಇರಲೇಬೇಕು. ಇಷ್ಟು ಕೇಳಿಸಿಕೊಂಡು ಎದ್ದು, ಹೊಟ್ಟೆ ತುಂಬಿದೆ ಬಿಗಿಯುತ್ತೆ ಅಂತ ಅಪ್ಪ ಬೆಲ್ಟ್ ತೆಗೆದದ್ದು ಅದೇ ಊಟದ ನಂತರ. ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವುಗಳ ಮೇಲೇ ನನ್ನ ಕಣ್ಣಿತ್ತು, ಪಕ್ಕಕ್ಕೆ ನೋಡಲಿಲ್ಲ.

ಕಲ್ಲಿಕೋಟೆಯಲ್ಲಿ ರೂಮಿನ ವಿಷಯದಲ್ಲಿ ಮೋಸ ಹೋದೆವು. ಪಾರ್ಕಿಂಗ್ ಇದೆ ಅಂತ ಬರೆದು 3,200 ತಗೊಂಡರು. ಹೋಗಿ ನೋಡಿದರೆ ನಾಲ್ಕು ಕಾರಿನ ಜಾಗ, ನಾಲ್ಕೂ ತುಂಬಿದೆ. ರಸ್ತೆ ಬದಿ ಹಾಕಿ, ಏನೂ ಆಗಲ್ಲ ಅಂದರು. ರೂಮಿನಲ್ಲಿ ಹಸಿ ಗೋಡೆಯ ವಾಸನೆ, ಬಿಸಿನೀರು ಇಲ್ಲ. ಬೆಳಗ್ಗೆ ಆರೂವರೆಗೆ ಕಿಟಕಿಯಿಂದ ನೋಡಿದರೆ ಕೆಳಗೆ ಒಬ್ಬ ಪೊಲೀಸರು ಸಾಲಾಗಿ ನಿಂತ ಕಾರುಗಳ ನಂಬರ್ ಪ್ಲೇಟ್ ಫೋಟೊ ತೆಗೆಯುತ್ತಾ ನಮ್ಮ ಕಡೆ ಬರುತ್ತಿದ್ದರು. ಮೂರು ಮಹಡಿ ಇಳಿದು ಓಡಿ ಕಾರು ತೆಗೆದೆ. ಅಲ್ಲಿ ಫೈನ್ ಬಿದ್ದಿದ್ದರೆ ಬರುತ್ತಿದ್ದದ್ದು ನನ್ನ ಹೆಸರಿಗೆ, ಲಾಡ್ಜ್‌ನವರ ಹೆಸರಿಗಲ್ಲ. ಪಾರ್ಕಿಂಗ್ ಜಾಗದ ಫೋಟೊ ವಾಟ್ಸಾಪ್‌ಗೆ ತರಿಸಿಕೊಂಡೇ ದುಡ್ಡು ಹಾಕಿ.

ಊಟಿ ಬಗ್ಗೆ ಬರೆಯುವಂಥದ್ದು ಏನಿಲ್ಲ. ಜನವೋ ಜನ, ನನಗೆ ಆಗಲ್ಲ. ಹೋಗುವವರು ಇ-ಪಾಸ್, ಅಂದರೆ ಗಾಡಿಗೆ ಆನ್‌ಲೈನ್‌ನಲ್ಲಿ ಮೊದಲೇ ತಗೊಳ್ಳುವ ಅನುಮತಿ, ಮಾತ್ರ ಮರೆಯಬೇಡಿ. ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ 2024ರ ಮೇ 7ರಿಂದ ಇದೆ. ನಾವು ಹೋದಾಗ ದಿನಕ್ಕೆ 6,000 ವಾಹನ, ಶನಿವಾರ ಭಾನುವಾರ 8,000 ಅಂತ ಮಿತಿ ಇತ್ತು. ಪ್ಲಾಸ್ಟಿಕ್ ನೀರಿನ ಬಾಟಲಿ ಇದ್ದರೆ ಚೆಕ್‌ಪೋಸ್ಟ್‌ನಲ್ಲೇ ತೆಗೆಸುತ್ತಾರೆ, ಸ್ಟೀಲ್ ಬಾಟಲಿ ಒಯ್ಯಿರಿ. ಬಂಡೀಪುರ ಕಾಡಿನ ಎರಡೂ ದಾರಿ, ವಯನಾಡಿಗೆ ಹೋಗುವುದು, ಊಟಿಗೆ ಹೋಗುವುದು, ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್.

ಈಗ ಆ ಫೋಟೊ ವಿಷಯಕ್ಕೆ ಬರುತ್ತೇನೆ. ಅದೇ ವರ್ಷ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಕರ್ನಾಟಕದಲ್ಲಿ ಹಳೇ ಚಲನ್‌ಗಳಿಗೆ ಅರ್ಧ ರಿಯಾಯಿತಿ ಕೊಟ್ಟರಲ್ಲ, ನನ್ನದೂ ಒಂದು ಸಿಗ್ನಲ್ ಜಂಪ್ ಬಾಕಿ ಇತ್ತು, ಅರ್ಧ ಕಟ್ಟಿ ಮುಗಿಸಿದೆ. ಬೇರೆ ಏನಾದರೂ ಇದೆಯಾ ಅಂತ ಕೇಂದ್ರದ ಇ-ಚಲನ್ ಪರಿವಾಹನ್ ವೆಬ್‌ಸೈಟ್‌ಗೆ ಹೋಗಿ ಗಾಡಿ ನಂಬರ್, ಚಾಸಿ ನಂಬರಿನ ಕೊನೆಯ ಐದು ಅಂಕಿ ಹಾಕಿದೆ. ಕೇರಳದ್ದು ಅಲ್ಲಿ ಕೂತಿತ್ತು. ನಮ್ಮ ರಾಜ್ಯದ ಸೈಟ್‌ಗಳಲ್ಲಿ ಅದು ಕಂಡಿರಲೇ ಇಲ್ಲ. ನಮ್ಮ ಸರ್ಕಾರದ ರಿಯಾಯಿತಿಯೂ ಅದಕ್ಕೆ ಇಲ್ಲ. ದಂಡದ ಮೊತ್ತ ಕೂಡ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಹೆಲ್ಮೆಟ್ ಇಲ್ಲದಿದ್ದರೆ ನಮ್ಮಲ್ಲಿ 500, ತಮಿಳುನಾಡಿನಲ್ಲಿ 1,000.

ಮೆಸೇಜ್ ಯಾಕೆ ಬರಲಿಲ್ಲ? ಕಾರು ತಗೊಂಡಾಗ ಶೋರೂಮ್‌ನಲ್ಲಿ ಕೊಟ್ಟ ನಂಬರಿನ ಸಿಮ್ ಈಗ ನನ್ನ ಹತ್ತಿರ ಇಲ್ಲ. ಆರ್‌ಸಿಯಲ್ಲಿರುವ ವಿಳಾಸ ಹಳೇ ಬಾಡಿಗೆ ಮನೆಯದು. ಕ್ಯಾಮೆರಾ ಕೇಸಿಗೆ 15 ದಿನದೊಳಗೆ ನೋಟಿಸ್ ಕಳಿಸಬೇಕು ಅಂತ ನಿಯಮ ಇತ್ತು, ಆದರೆ ಅವರು ಕಳಿಸಿದರೂ ನನಗೆ ಸಿಗುವ ದಾರಿಯೇ ಇರಲಿಲ್ಲ.

ಕಟ್ಟೋಣ ಅಂದರೆ ಆ ಸೈಟ್‌ನಲ್ಲಿ ಆಗಲಿಲ್ಲ, ಚಲನ್ ವರ್ಚುವಲ್ ಕೋರ್ಟ್‌ಗೆ ಹೋಗಿತ್ತು. ಹೆದರಬೇಡಿ, ಅದೂ ಆನ್‌ಲೈನ್. ವರ್ಚುವಲ್ ಕೋರ್ಟ್ ಸೈಟ್‌ನಲ್ಲಿ ಕರ್ನಾಟಕ ಅಲ್ಲ, ಚಲನ್ ಹಾಕಿದ ರಾಜ್ಯವನ್ನೇ ಆರಿಸಬೇಕು. ನಾನು ಕರ್ನಾಟಕ ಒತ್ತಿ ಒಂದು ಗಂಟೆ ಹುಡುಕಿದೆ. ಅಲ್ಲಿ ಎರಡು ದಾರಿ: ದಂಡ ಕಟ್ಟುತ್ತೇನೆ, ಅಥವಾ ವಾದಿಸುತ್ತೇನೆ. ವಾದಿಸುತ್ತೇನೆ ಅಂದರೆ ಕೇಸು ಆ ಊರಿನ ಮಾಮೂಲಿ ಕೋರ್ಟ್‌ಗೆ ಹೋಗುತ್ತದೆ, ಅಲ್ಲಿಗೆ ಓಡಾಡಬೇಕು. ತಪ್ಪು ನಮ್ಮದೇ ಇದ್ದದ್ದರಿಂದ ಕಟ್ಟಿದೆ. ನಿಮ್ಮ ಗಾಡಿಯೇ ಅಲ್ಲದಿದ್ದರೆ, ನಂಬರ್ ತಪ್ಪು ಓದಿದ್ದರೆ, ಕೋರ್ಟ್‌ಗೆ ಹೋಗುವ ಮೊದಲೇ ಇ-ಚಲನ್ ಸೈಟ್‌ನಲ್ಲಿ ದೂರು ಹಾಕಿ. ಸುಮ್ನೆ ಬಿಟ್ಟರೆ ಮುಂದೆ ಕಾರು ಮಾರುವಾಗ ಆರ್‌ಸಿ ವರ್ಗಾವಣೆ ನಿಲ್ಲುತ್ತದೆ.

ಅದೇ ದಿನ ಪರಿವಾಹನ್‌ನಲ್ಲಿ ಮೊಬೈಲ್ ನಂಬರ್ ಬದಲಾಯಿಸಿದೆ. ಮುಂದಿನ ವಾರ ವಾಟ್ಸಾಪ್‌ಗೆ ಒಂದು ಚಲನ್ ಬಂತು, ಪೊಲೀಸ್ ಲಾಂಛನ, ನನ್ನ ಗಾಡಿ ನಂಬರ್, ಕೆಳಗೆ ಒಂದು ಎಪಿಕೆ ಫೈಲ್, ಒತ್ತಿದರೆ ಮೊಬೈಲ್‌ಗೆ ಆಪ್ ಇಳಿಸುವಂಥದ್ದು. ಅಪ್ಪ ಗಾಬರಿಯಾಗಿ ಇನ್ನೊಂದು ಫೋಟೊನಾ ಅಂದರು. ಪರಿವಾಹನ್ ಸೈಟ್‌ನಲ್ಲಿ ನೋಡಿದೆ, ಏನೂ ಇರಲಿಲ್ಲ. ಫೈಲ್ ಮುಟ್ಟದೆ ಅಳಿಸಿ ಆ ನಂಬರ್ ಬ್ಲಾಕ್ ಮಾಡಿದೆ.