ಮೇಷ್ಟ್ರ ಅಡಕತ್ತರಿ

ಕಳೆದ ತಿಂಗಳು ನಮ್ಮ ಬಯಾಲಜಿ ಮೇಷ್ಟ್ರು ತೀರಿಕೊಂಡರು. ಸುದ್ದಿ ಕೇಳಿದ ತಕ್ಷಣ ಕಣ್ಣಿಗೆ ಕಟ್ಟಿದ್ದು ಅವರ ಜುಬ್ಬಾದ ಜೇಬಿನಲ್ಲಿರುತ್ತಿದ್ದ ಹಿತ್ತಾಳೆಯ ಅಡಕತ್ತರಿ.

ಆಗ ನಾವು ಎರಡನೇ ಪಿಯುಸಿ. ಕಾಲೇಜಿನ ಮೈದಾನದ ತುಂಬ ನೆಗ್ಗಿಲು. ಟೆಸ್ಟ್ ತಪ್ಪಿಸಬೇಕು ಅಂತ ನಾನೂ ಇನ್ನಿಬ್ಬರೂ ಸೇರಿ, ಮೇಷ್ಟ್ರ ಸೈಕಲ್ ಬರುವ ಕಾಲುದಾರಿಯಲ್ಲಿ ಒಂದು ಬೊಗಸೆ ನೆಗ್ಗಿಲು ಮುಳ್ಳು ಹರಡಿದೆವು. ಎರಡೂ ಚಕ್ರ ಪಂಕ್ಚರ್. ಮೇಷ್ಟ್ರು ಸೈಕಲ್ ತಳ್ಳಿಕೊಂಡೇ ಬಂದರು. ಟೈರಿನಿಂದ ಕಿತ್ತ ಮುಳ್ಳುಗಳನ್ನು ಮೇಜಿನ ಮೇಲೆ ಸುರಿದರು. ಯಾರು ಮಾಡಿದ್ದು ಅಂತ ಕೇಳಲೇ ಇಲ್ಲ. "ಬನ್ರೋ, ಇದರೊಳಗಿನ ಬೀಜ ತೆಗೀರಿ ನೋಡೋಣ" ಅಂದರು.

ಉಗುರಿಗೆ ಬಗ್ಗಲಿಲ್ಲ. ಲ್ಯಾಬಿನ ಚಿಮುಟದಲ್ಲಿ ಹಿಡಿದರೆ ಜಾರಿತು. ನನ್ನ ಹೆಬ್ಬೆರಳಿಗೆ ಚುಚ್ಚಿ ರಕ್ತ ಬಂತು. ಆಗ ಮೇಷ್ಟ್ರು ಅಡಕತ್ತರಿಯಲ್ಲಿಟ್ಟು ಒತ್ತಿದರು. ಟಕ್. ಪುಟ್ಟ ಬೀಜ ಹೊರಗೆ ಬಂತು.

ಆಮೇಲೆ ಪೆಸಿಫಿಕ್ ಸಾಗರದ ಗಲಾಪಗಸ್ ದ್ವೀಪಗಳ ಕತೆ ಶುರು. ಅಲ್ಲಿನ ಡಾಫ್ನೆ ಮೇಜರ್ ಎಂಬ ಪುಟ್ಟ ದ್ವೀಪದಲ್ಲಿ ಪೀಟರ್ ಮತ್ತು ರೋಸ್ಮರಿ ಗ್ರಾಂಟ್ ಎಂಬ ವಿಜ್ಞಾನಿ ದಂಪತಿ 1973ರಿಂದ ಫಿಂಚ್ ಎಂಬ ಗುಬ್ಬಿಯಂಥ ಹಕ್ಕಿಗಳ ಕಾಲಿಗೆ ಗುರುತಿನ ಬಳೆ ತೊಡಿಸಿ, ಕೊಕ್ಕು ಅಳೆಯುತ್ತಿದ್ದರು. 1977ರಲ್ಲಿ ಮಳೆ ಕೈಕೊಟ್ಟಿತು. ಸಣ್ಣ ಬೀಜಗಳು ಖಾಲಿಯಾದವು. ಜಾಸ್ತಿ ಉಳಿದದ್ದು ನಮ್ಮ ನೆಗ್ಗಿಲಿನ ದಾಯಾದಿ ಗಿಡದ ಮುಳ್ಳುಕಾಯಿಯಂಥ ಗಟ್ಟಿ ಕಾಳು. ನೂರಕ್ಕೆ ಎಂಬತ್ತಕ್ಕೂ ಜಾಸ್ತಿ ಹಕ್ಕಿಗಳು ಸತ್ತವು. ಬದುಕಿದವುಗಳ ಕೊಕ್ಕು ಮೊದಲಿದ್ದ ಸರಾಸರಿಗಿಂತ ಅರ್ಧ ಮಿಲಿಮೀಟರ್ ಹೆಚ್ಚು ದಪ್ಪ. "ನೋಟ್‌ಬುಕ್ಕಿನ ಐದು ಹಾಳೆ ಒತ್ತಿ ಹಿಡೀರಿ. ಅಷ್ಟೇ ವ್ಯತ್ಯಾಸ" ಅಂದರು.

"ಹಾಗಾದ್ರೆ ಬರಗಾಲದಲ್ಲಿ ಕೊಕ್ಕು ಬೆಳೀತಾ ಸಾರ್?" ಅಂತ ನಾನು ಕೇಳಿದೆ. ಇಡೀ ಕ್ಲಾಸಿನಲ್ಲಿ ಕೇಳಿದವನು ನಾನೊಬ್ಬನೇ.

ಮೇಷ್ಟ್ರು ಬೋರ್ಡಿನ ಮೇಲೆ ಒಂದು ಗುಡ್ಡ ಬರೆದರು. ಎಡಕ್ಕೆ ಸಣ್ಣ ಕೊಕ್ಕಿನವು, ಬಲಕ್ಕೆ ದಪ್ಪ ಕೊಕ್ಕಿನವು, ನಡುವೆ ಹಕ್ಕಿಗಳ ಗುಂಪೇ ಗುಂಪು. ಡಸ್ಟರಿನಿಂದ ಎಡಗಡೆ ಒರೆಸಿದರು. "ಯಾವ ಹಕ್ಕಿಯ ಕೊಕ್ಕೂ ಬೆಳೀಲಿಲ್ಲ ಕಣೋ. ಇವು ಹೋದವು. ಉಳಿದವು ಮರಿ ಮಾಡಿದವು. ಮರಿಗಳಿಗೆ ಅಪ್ಪ ಅಮ್ಮನ ಕೊಕ್ಕೇ ಬಂತು." ಗುಡ್ಡ ಸ್ವಲ್ಪ ಬಲಕ್ಕೆ ಸರಿದು ನಿಂತಿತು. 1983ರಲ್ಲಿ ಎಲ್ ನಿನೋ, ಅಂದರೆ ಪೆಸಿಫಿಕ್ ಸಾಗರ ಬಿಸಿಯಾಗಿ ಸುರಿದ ಭಾರಿ ಮಳೆಯಲ್ಲಿ ಸಣ್ಣ ಬೀಜ ತುಂಬಿ ತುಳುಕಿದ ಮೇಲೆ ಅದು ಮತ್ತೆ ಎಡಕ್ಕೆ ಬಂತಂತೆ.

ಬಯಾಲಜಿಯಲ್ಲಿ ಆ ವರ್ಷ ಕಾಲೇಜಿಗೇ ಮೊದಲಿಗನಾದೆ. ಪುಸ್ತಕದ ಮಿಕ್ಕ ಪಾಠಗಳೆಲ್ಲ ಮರೆತಿವೆ. ಈಗ ಕೃಷಿ ಇಲಾಖೆಯಲ್ಲಿದ್ದೇನೆ. "ಹುಳಕ್ಕೆ ಔಷಧಿ ಅಭ್ಯಾಸ ಆಗ್ಬಿಟ್ಟಿದೆ ಸಾರ್" ಅಂತ ರೈತರು ಬಂದಾಗ, ಹೊಲದ ಮಣ್ಣಿನಲ್ಲಿ ಕಡ್ಡಿಯಿಂದ ಅದೇ ಗುಡ್ಡ ಬರೆಯುತ್ತೇನೆ. ಸಾಯಬೇಕಾದವು ಸತ್ತವು, ತಡೆದುಕೊಂಡವು ಮೊಟ್ಟೆ ಇಟ್ಟವು. ಒಮ್ಮೆ ನೋಡಿದರೆ ಅವರಿಗೆ ಸಾಕು.

ನನ್ನ ಮಗಳಿಗೂ ಈಗ ಇದೇ ಪಾಠವಿದೆ. ನಾಲ್ಕು ಆಯ್ಕೆಗಳಲ್ಲಿ ಸರಿಯುತ್ತರಕ್ಕೆ ಟಿಕ್ ಹಾಕುತ್ತಾಳೆ. ನೆಗ್ಗಿಲು ಮುಟ್ಟಿಯೇ ಇಲ್ಲ. ಬೇಜಾರಾಗುತ್ತದೆ.

ಅಂದು ಸಂಜೆ ಮೇಷ್ಟ್ರು ನನ್ನ ಹೆಬ್ಬೆರಳು ನೋಡಿದರು. ಸೈಕಲ್ ಕೀ, ದುಡ್ಡು ಎರಡೂ ನನ್ನ ಕೈಗೇ ಕೊಟ್ಟು, "ಪಂಕ್ಚರ್ ಹಾಕಿಸ್ಕೊಂಡು ಬಾರಪ್ಪ, ಆ ಇಬ್ಬರನ್ನೂ ಕರ್ಕೊಂಡು ಹೋಗು" ಅಂದರು. ಮೂವರೂ ತಳ್ಳಿಕೊಂಡು ಹೋದೆವು. ಅಂಗಡಿಯವನು ಟ್ಯೂಬನ್ನು ನೀರಿನಲ್ಲಿ ಅದ್ದಿದ. ಗುಳ್ಳೆ ಎದ್ದ ಕಡೆಯಲ್ಲೆಲ್ಲ ನಾವೇ ಬೆರಳಿಟ್ಟು ಹಿಡಿದೆವು. ಒಂಬತ್ತು ತೂತು.